ಎಪ್ಪತ್ತೆಂಟು ಮಾವ

ಮದುವೆ ಛತ್ರದಲ್ಲಿ ಮೊದಲ ಪಂಕ್ತಿ ಎದ್ದಿರುವುದಿಲ್ಲ, ಎರಡನೆಯದಕ್ಕೆ ಎಲೆ ಬಿದ್ದಿರುವುದಿಲ್ಲ. ಎಪ್ಪತ್ತೆಂಟು ಮಾವ ಬೇಟೆಗೆ ಇಳಿಯುವುದು ಆ ಹೊತ್ತಿನಲ್ಲಿ. ಹಸಿದವನು ಛತ್ರ ಬಿಟ್ಟು ಓಡಿಹೋಗುವುದಿಲ್ಲ ಎಂದು ಅವರಿಗೆ ಚೆನ್ನಾಗಿ ಗೊತ್ತು. ಕುರ್ಚಿಯನ್ನು ಅರ್ಧ ತಿರುಗಿಸಿಕೊಂಡು, ಪಕ್ಕದಲ್ಲಿ ಸಿಕ್ಕವನ ಮೊಣಕಾಲಿನ ಮೇಲೆ ಕೈಯಿಟ್ಟು, "ನೀನು ಹುಟ್ಟಿದ್ದು ಯಾವ ಇಸವಿಯಪ್ಪ?" ಎಂದು ಕೇಳುತ್ತಾರೆ. ಎಂಬತ್ತರಿಂದ ಈಚೆಗೆ ಎಂದರೆ ಮುಗಿಯಿತು. "ಹಾಗಾದ್ರೆ ನೀನು ಏನೂ ನೋಡಿಲ್ಲ ಬಿಡು" ಎಂದು, ನೋಡಿದವರ ಪರವಾಗಿ ಶುರು ಮಾಡುತ್ತಾರೆ.

ಅವರ ನಿಜವಾದ ಹೆಸರು ಲಗ್ನಪತ್ರಿಕೆಯಲ್ಲಿ ಮಾತ್ರ ಬಳಕೆಯಲ್ಲಿದೆ. ಎಪ್ಪತ್ತೆಂಟು ಎಂಬುದು ನಾವು ಹುಡುಗರು ಇಟ್ಟದ್ದು. ಅವರ ಪ್ರಪಂಚ ಹುಟ್ಟಿದ್ದು 1977ರ ಮಾರ್ಚಿನಲ್ಲಿ, ತುರ್ತು ಪರಿಸ್ಥಿತಿ ಹೋಗಿ ಮೊರಾರ್ಜಿ ದೇಸಾಯಿ ಬಂದಾಗ. ಮುಗಿದದ್ದು 1980ರ ಶುರುವಿನಲ್ಲಿ. ಅದಕ್ಕೆ ಹಿಂದಿನದು ಪುರಾಣ, ಮುಂದಿನದು ಬರೀ ಗಲಾಟೆ. ಆಗ ಅವರಿಗೆ ಇಪ್ಪತ್ತನಾಲ್ಕೋ ಇಪ್ಪತ್ತೈದೋ. ಹುಬ್ಬಳ್ಳಿಯ ಬ್ಯಾಂಕೊಂದರಲ್ಲಿ ಗುಮಾಸ್ತರು. ಬೆಲ್‌ಬಾಟಂ ಪ್ಯಾಂಟು, ಕಿವಿ ಮುಚ್ಚುವಷ್ಟು ಕೂದಲು, ಹೊಸ ಹೆಂಡತಿ, ಒಂದು ಟ್ರಾನ್ಸಿಸ್ಟರು. ಕೂದಲಿನ ಮಾತಿಗೆ ಫೋಟೋ ಸಾಕ್ಷಿ ಇರುವುದರಿಂದ ನಂಬಲೇಬೇಕು.

ಆ ಕಾಲ ಕಂಡವರು ನಮ್ಮಲ್ಲಿ ಬೇಕಾದಷ್ಟು ಜನ ಇದ್ದಾರೆ. ಮಾವನ ವಿಶೇಷವೆಂದರೆ, ಅವರು ಯಾವುದನ್ನೂ ಕೇಳಿ ತಿಳಿದವರಲ್ಲ, ಪೇಪರಿನಲ್ಲಿ ಓದಿದವರೂ ಅಲ್ಲ. ಎಲ್ಲ ಕಡೆಯೂ ಇದ್ದವರು.

ಕೋಕಾಕೋಲಾ 1977ರಲ್ಲಿ ದೇಶ ಬಿಟ್ಟುಹೋಯಿತಲ್ಲ, ಆಗಲೂ ಇದ್ದರು. ಕೈಗಾರಿಕಾ ಮಂತ್ರಿ ಜಾರ್ಜ್ ಫರ್ನಾಂಡಿಸ್ ಮಂಗಳೂರಿನವರಾದ್ದರಿಂದ ಮಾವನಿಗೆ ಅದು ಮನೆಯ ವಿಷಯ. "ಪಾಲು ಕೊಡ್ರೀ, ಗುಟ್ಟು ಹೇಳ್ರೀ ಅಂದ. ಆಗಲ್ಲ ಅಂದ್ರು. ನಮ್ಮ ಮಂಗಳೂರಿನವನು, ಬಾಟಲಿ ಮುಚ್ಚಳ ಹಾಕಿಸಿಬಿಟ್ಟ!" ಆಮೇಲೆ ಸರ್ಕಾರವೇ ಡಬಲ್ ಸೆವೆನ್ ಎಂಬ ಪಾನೀಯ ಹೊರಡಿಸಿದ್ದು, ಜನ ಅದನ್ನು ಕುಡಿದು ಮುಖ ನೋಡಿಕೊಂಡದ್ದು, ಎಲ್ಲವೂ ಬರುತ್ತದೆ. ಹುಬ್ಬಳ್ಳಿಯಲ್ಲಿ ಕೋಕಾಕೋಲಾದ ಕೊಟ್ಟಕೊನೆಯ ಬಾಟಲಿ ಕುಡಿದವರು ಯಾರು ಎಂದು ನಾನು ಬೇರೆ ಹೇಳಬೇಕಿಲ್ಲ. ಹೂ ಕಟ್ಟುತ್ತ ಕೂತ ಅತ್ತೆ ತಲೆ ಎತ್ತದೆ ಹೇಳುತ್ತಾರೆ: "ಗ್ಯಾಸ್ ಆಗತ್ತೆ ಅಂತ ಗೋಲಿ ಸೋಡಾನೂ ಮುಟ್ತಿರಲಿಲ್ಲ ಇವರು."

ಅತ್ತೆಯ ಕಾಲಗಣನೆಯೇ ಬೇರೆ. ಅವರ ಪಂಚಾಂಗದಲ್ಲಿ ಪ್ರಧಾನಿಗಳಿಲ್ಲ. ಬಾಣಂತನ, ಕಾಮಾಲೆ, ಸೀಮೆಎಣ್ಣೆಯ ಕ್ಯೂ, ಸಕ್ಕರೆ ಅಗ್ಗವಾದ ವರ್ಷ ಇವೆ. ಮಾವನ ಇಸವಿಯೂ ಅತ್ತೆಯ ಇಸವಿಯೂ ಒಂದೇ ಮನೆಯಲ್ಲಿ ಇಷ್ಟು ವರ್ಷ ಬಾಳಿದ್ದು ದೊಡ್ಡ ಮಾತು.

1978ರ ಜನವರಿ 16ರಂದು ಸಾವಿರ, ಐದು ಸಾವಿರ, ಹತ್ತು ಸಾವಿರದ ನೋಟುಗಳು ರದ್ದಾದವು. ಬ್ಯಾಂಕಿನವರಾದ್ದರಿಂದ ಇಲ್ಲಿ ಮಾವನನ್ನು ಅಲುಗಾಡಿಸುವುದು ಕಷ್ಟ. ಹತ್ತು ಸಾವಿರದ ನೋಟನ್ನು ಬೆಳಕಿಗೆ ಹಿಡಿದು ನೋಡಿದ್ದಾರಂತೆ. 2016ರ ನವೆಂಬರಿನಲ್ಲಿ ನಾವೆಲ್ಲ ಎಟಿಎಂ ಮುಂದೆ ಬಾಲ ಹಿಡಿದು ನಿಂತಿದ್ದಾಗ, ಒಬ್ಬೊಬ್ಬರಿಗೂ ಫೋನ್ ಮಾಡಿ "ಇದೇನೂ ಹೊಸದಲ್ಲ ಕಣೋ" ಎಂದು ಧೈರ್ಯ ಹೇಳಿದ್ದರು. ಧೈರ್ಯದ ಬದಲು ಎರಡು ಸಾವಿರ ಚಿಲ್ಲರೆ ಕೊಟ್ಟಿದ್ದರೆ ಉಪಕಾರವಾಗುತ್ತಿತ್ತು.

ಆದರೆ ಇವೆಲ್ಲ ಉಪ್ಪಿನಕಾಯಿ. ಊಟ ಎಂದರೆ ಚಿಕ್ಕಮಗಳೂರು.

1978ರ ನವೆಂಬರ್. ಡಿ.ಬಿ. ಚಂದ್ರೇಗೌಡರು ಬಿಟ್ಟುಕೊಟ್ಟ ಲೋಕಸಭಾ ಸೀಟು. ಒಂದು ಕಡೆ ಇಂದಿರಾ ಗಾಂಧಿ, ಇನ್ನೊಂದು ಕಡೆ ಮಾಜಿ ಮುಖ್ಯಮಂತ್ರಿ ವೀರೇಂದ್ರ ಪಾಟೀಲ. ಕಾಫಿ ತೋಟದ ನಡುವೆ ದೆಹಲಿಯ ಪತ್ರಕರ್ತರೆಲ್ಲ ಬಂದು ಇಳಿದರು. ಮಾವ ರಜೆ ಹಾಕಿ, ಬಸ್ಸು ಹತ್ತಿ ಹೋದರಂತೆ. ರಸ್ತೆ ಬದಿ ನಿಂತಿದ್ದರಂತೆ. ಅಂಬಾಸಿಡರ್ ಕಾರು ನಿಧಾನವಾಯಿತಂತೆ. "ತಲೆ ಮೇಲೆ ಸೆರಗು. ನನ್ನನ್ನೇ ನೋಡಿ ಹೀಗೆ ಕೈ ಬೀಸಿದ್ರು." ಇಲ್ಲಿ ಮಾವ ಕೈ ಎತ್ತಿ ಬೀಸಿ ತೋರಿಸುತ್ತಾರೆ, ದೂರದಲ್ಲಿದ್ದ ಬಡಿಸುವವನು ತನ್ನನ್ನು ಕರೆದರೆಂದು ಬಂದುಬಿಡುತ್ತಾನೆ. ಇಂದಿರಾ ಗೆದ್ದದ್ದು ಎಪ್ಪತ್ತು ಸಾವಿರ ಮೀರಿದ ಅಂತರದಿಂದ. ನನ್ನನ್ನೇ ನೋಡಿ ಕೈ ಬೀಸಿದರು ಎಂದು ಈಗ ಹೇಳುವವರನ್ನೆಲ್ಲ ಎಣಿಸಿದರೆ, ಪಾಟೀಲರಿಗೆ ಠೇವಣಿಯೂ ಉಳಿಯಬಾರದಾಗಿತ್ತು.

"ಆ ನವೆಂಬರಲ್ಲಿ ನಿಮಗೆ ಕಾಮಾಲೆ" ಎನ್ನುತ್ತಾರೆ ಅತ್ತೆ. "ತಿಂಗಳು ಪೂರ್ತಿ ಮಜ್ಜಿಗೆ ಅನ್ನ ಉಂಡ್ಕೊಂಡು ಮಲಗಿದ್ರಿ. ಅವರು ಕೈ ಬೀಸಿದ್ದು ಹೌದು. ಆಮೇಲೆ ನಾವು ಆಪರೇಷನ್ ಡೈಮಂಡ್ ರಾಕೆಟ್ ನೋಡೋಕೆ ಹೋದ್ವಲ್ಲ, ಪಿಕ್ಚರ್ ಶುರುವಾಗೋಕೆ ಮುಂಚೆ ನ್ಯೂಸ್ ರೀಲಲ್ಲಿ. ಇಡೀ ಟಾಕೀಸಿಗೆ ಬೀಸಿದ್ರು. ನಾನೂ ಇದ್ದೆ, ನನಗೂ ಬೀಸಿದ್ರು."

ಈ ತಲೆಮಾರಿಗೆ ಇದು ಅರ್ಥವಾಗುವುದು ಕಷ್ಟ. ಆಗ ಚಿತ್ರಮಂದಿರದಲ್ಲಿ ರಾಜ್‌ಕುಮಾರ್ ಬರುವ ಮುಂಚೆ ಫಿಲಂಸ್ ಡಿವಿಜನ್ನಿನ ವಾರ್ತಾಚಿತ್ರ ಬರಬೇಕಿತ್ತು. ಪ್ರವಾಹ, ಅಣೆಕಟ್ಟು, ಮಂತ್ರಿಗಳ ಟೇಪು ಕತ್ತರಿಸುವಿಕೆ. ಅದೂ ಎಲ್ಲ ನಡೆದು ವಾರಗಳಾದ ಮೇಲೆ. ಬೆಂಗಳೂರಿಗೆ ದೂರದರ್ಶನ ಬಂದದ್ದೇ 1981ರ ನವೆಂಬರ್ 1ಕ್ಕೆ. ಅಲ್ಲಿಯವರೆಗೆ ನಮ್ಮಲ್ಲಿ ದಿನದ ಸುದ್ದಿಯನ್ನು ಕಣ್ಣಿಂದ ನೋಡಿದವರು ಇರಲಿಲ್ಲವೆಂದೇ ಹೇಳಬೇಕು. ಆಕಾಶವಾಣಿ ಹೇಳಿದ್ದಕ್ಕೆ ಮುಖ, ಬಣ್ಣ, ಬಿಸಿಲು ಎಲ್ಲವನ್ನೂ ಮನೆಯಲ್ಲೇ ಹಾಕಿಕೊಳ್ಳಬೇಕಿತ್ತು. ಅಷ್ಟು ಕೈಕೆಲಸ ಮಾಡಿದವರು ಅದನ್ನು ಸ್ವಂತದ್ದೆಂದರೆ ಪೂರ್ತಿ ತಪ್ಪೆನ್ನಲು ನನಗೆ ಮನಸ್ಸು ಬಾರದು. ಈಗ ಎಲ್ಲವನ್ನೂ ನೇರಪ್ರಸಾರದಲ್ಲಿ ನೋಡುವ ನಮಗೆ ಹೋದ ವಾರದ್ದೂ ನೆನಪಿರುವುದಿಲ್ಲ.

ಕ್ರಿಕೆಟ್ಟಿನ ಚಂದ್ರಶೇಖರ್ ಕಥೆಯನ್ನೇ ನೋಡಿ. 1977ರ ಕೊನೆಯಲ್ಲಿ ಶುರುವಾದ ಮೆಲ್ಬರ್ನ್ ಟೆಸ್ಟು. ಕೆರ‍್ರಿ ಪ್ಯಾಕರ್ ತನ್ನ ಖಾಸಗಿ ಸರಣಿಗೆ ಆಟಗಾರರನ್ನೆಲ್ಲ ಎಳೆದುಕೊಂಡು ಹೋಗಿದ್ದರಿಂದ ನಲವತ್ತು ದಾಟಿದ ಬಾಬ್ ಸಿಂಪ್ಸನ್ ಮತ್ತೆ ಬಂದು ಆಸ್ಟ್ರೇಲಿಯಾದ ನಾಯಕನಾಗಿದ್ದ. ಪೋಲಿಯೋದಿಂದ ಸೊರಗಿದ ಕೈಯಲ್ಲಿ ನಮ್ಮ ಚಂದ್ರ ಮೊದಲ ಇನಿಂಗ್ಸಿನಲ್ಲಿ 52 ರನ್ನಿಗೆ ಆರು ವಿಕೆಟ್ ತೆಗೆದ, ಎರಡನೆಯದರಲ್ಲೂ 52ಕ್ಕೇ ಆರು. ಭಾರತ 222 ರನ್ನುಗಳಿಂದ ಗೆದ್ದಿತು. ಆಸ್ಟ್ರೇಲಿಯಾದ ನೆಲದಲ್ಲಿ ಮೊದಲ ಗೆಲುವು. ಮಾವ ಇದನ್ನು ಹೇಳುವಾಗ ಚೆಂಡಿನ ತಿರುವು ಬಿಡಿ, ಸಿಂಪ್ಸನ್ ಹಣೆಯ ಬೆವರನ್ನೂ ವರ್ಣಿಸುತ್ತಾರೆ. ಅವರಿದ್ದದ್ದು ಹುಬ್ಬಳ್ಳಿಯ ಬಾಡಿಗೆ ಮನೆಯ ಅಡುಗೆಮನೆಯಲ್ಲಿ, ಬೆಳಗಿನ ಜಾವ, ಕಂಬಳಿ ಹೊದ್ದು, ಗರಗರ ಎನ್ನುವ ಶಾರ್ಟ್‌ವೇವಿಗೆ ಕಿವಿ ಒತ್ತಿಕೊಂಡು. ಸ್ಟೌವಿಗೆ ಗಾಳಿ ಹೊಡೆದರೆ ಕಾಮೆಂಟರಿ ಕೇಳುವುದಿಲ್ಲವೆಂದು ಅತ್ತೆಗೆ ಕಾಫಿ ಕಾಯಿಸಲೂ ಬಿಡಲಿಲ್ಲವಂತೆ. ಚಂದ್ರನ ಹನ್ನೆರಡು ವಿಕೆಟ್‌ನಲ್ಲಿ ನನ್ನ ಪಾಲೂ ಇದೆ ಎಂದು ಅತ್ತೆ ಹೇಳುವುದು ಅದಕ್ಕೇ.

ಚಿಕ್ಕಮಗಳೂರು ಗೆದ್ದ ಮರುತಿಂಗಳು, 1978ರ ಡಿಸೆಂಬರಿನಲ್ಲಿ, ಇಂದಿರಾ ತಿಹಾರ್ ಜೈಲು ಸೇರಿದಾಗ, ಅವರ ಬೆಂಬಲಿಗರಾದ ಇಬ್ಬರು ಪಾಂಡೆಗಳು ಲಖನೌದಿಂದ ದೆಹಲಿಗೆ ಹೊರಟ ವಿಮಾನವನ್ನು ಆಟದ ಪಿಸ್ತೂಲು, ಕ್ರಿಕೆಟ್ ಚೆಂಡು ಹಿಡಿದು ಅಪಹರಿಸಿ ವಾರಾಣಸಿಗೆ ಇಳಿಸಿದರು. ಮಾವ ಆ ವಿಮಾನದಲ್ಲಿ ಇರಲಿಲ್ಲ, ಒಪ್ಪುತ್ತಾರೆ. ಆದರೆ ಅದರಲ್ಲಿದ್ದವನೊಬ್ಬನ ಷಡ್ಡಕ ಇವರ ಕೌಂಟರಿಗೆ ಡ್ರಾಫ್ಟು ಮಾಡಿಸಲು ಬಂದಿದ್ದ. ಕೈಗೆ ಎಟುಕದ್ದಕ್ಕೆ ಷಡ್ಡಕರನ್ನು ಕಳಿಸುವುದು ಅವರ ಪದ್ಧತಿ.

ಮೊಮ್ಮಗ ಒಮ್ಮೆ ಮೊಬೈಲ್ ಹಿಡಿದು ತಾತನ ಲೆಕ್ಕ ತಪಾಸಣೆಗೆ ಕೂತ. ತಾರೀಖು, ಅಂಕಿ, ಅಂತರ ಎಲ್ಲವೂ ಸರಿ ಬಂತು. ಹುಡುಗ ಪಾಪ, ಆವತ್ತಿನಿಂದ ಮಿಕ್ಕದ್ದನ್ನೂ ನಂಬಿದ್ದಾನೆ. ಮಾವನ ಕಥೆಗಳಲ್ಲಿ ತಪ್ಪಿರುವುದು ಒಂದೇ, ಅವರು ನಿಂತಿದ್ದ ಜಾಗ.

ಸ್ಕೈಲ್ಯಾಬ್ ಬಿದ್ದ ರಾತ್ರಿ, 1979ರ ಜುಲೈ 11, ಮಾವ ನಿಂತಿದ್ದದ್ದು ದಾವಣಗೆರೆಯಲ್ಲಿ ಅತ್ತೆಯ ತವರಿನ ತಾರಸಿಯ ಮೇಲೆ. ಎಪ್ಪತ್ತೇಳು ಟನ್ನಿನ ಕಬ್ಬಿಣ ಯಾರ ತಲೆಯ ಮೇಲೆ ಬೀಳುತ್ತದೋ ಎಂದು ಊರೆಲ್ಲ ಗುಸುಗುಸು. ಮಾವ ಆಕಾಶದಲ್ಲಿ ಒಂದು ಕೆಂಪು ಚುಕ್ಕೆ ಉರಿದು ಆರಿದ್ದನ್ನು ಕಂಡರು. ಸ್ಕೈಲ್ಯಾಬ್ ಹಿಂದೂ ಮಹಾಸಾಗರಕ್ಕೂ ಪಶ್ಚಿಮ ಆಸ್ಟ್ರೇಲಿಯಾಕ್ಕೂ ಚೂರಾಗಿ ಬಿತ್ತು. ಕಸ ಹಾಕಿದ್ದಕ್ಕೆ ಎಸ್ಪೆರೆನ್ಸ್ ಎಂಬ ಊರಿನ ಆಡಳಿತ ನಾಸಾಕ್ಕೆ 400 ಡಾಲರ್ ದಂಡ ಬರೆಯಿತು. ಆಷಾಢದ ಮೋಡ ಕವಿದ ದಾವಣಗೆರೆಯಲ್ಲಿ ಕಂಡ ಕೆಂಪು ಚುಕ್ಕೆ ಎದುರು ತಾರಸಿಯವರ ಬೀಡಿ ಎಂಬುದು ಅತ್ತೆಯ ಖಚಿತ ಅಭಿಪ್ರಾಯ. ಆ ವಾರವೇ ಹುಟ್ಟಿದ ಅವರ ದೊಡ್ಡ ಮಗನಿಗೆ ಸ್ಕೈಲ್ಯಾಬ್ ಎಂಬ ಹೆಸರು ಅಂಟಿಕೊಂಡಿತು. ತೂಕದಲ್ಲಿ ಇಂದಿಗೂ ಹೆಸರು ಉಳಿಸಿಕೊಂಡಿದ್ದಾನೆ.

ಒಂದು ಸುದ್ದಿಗೆ ಮಾತ್ರ ಮಾವ ಕೈ ಬೀಸುವುದಿಲ್ಲ, ದನಿ ಏರಿಸುವುದಿಲ್ಲ. 1979ರ ಮೇ ತಿಂಗಳು, ಸಂಕೇಶ್ವರದ ಹತ್ತಿರ ಗೋಟೂರಿನ ಪ್ರವಾಸಿ ಮಂದಿರದಲ್ಲಿ ಮಿನುಗುತಾರೆ ಕಲ್ಪನಾ ತೀರಿಹೋದದ್ದು. ಸಿನಿಮಾ ಕೈಬಿಟ್ಟ ಮೇಲೆ ಆಕೆ ನಾಟಕ ಆಡುತ್ತ ಆ ಕಡೆ ಬಂದಿದ್ದರು. ಹೋಗಿ ನೋಡಬೇಕೆಂದು ಮಾವ ರಜೆ ಕೇಳಿದ್ದರು, ಸಿಗಲಿಲ್ಲ. "ಹೋಗಲಿಲ್ಲ" ಎಂದಷ್ಟೇ ಹೇಳಿ ಮುಂದಿನದಕ್ಕೆ ಹೋಗಿಬಿಡುತ್ತಾರೆ. ಅತ್ತೆಯೂ ಅಲ್ಲಿ ಬಾಯಿ ಹಾಕುವುದಿಲ್ಲ.

ಮುಂದಿನದು ಗ್ರಹಣ. 1980ರ ಫೆಬ್ರವರಿ 16, ಶನಿವಾರ. ಪೂರ್ಣ ಸೂರ್ಯಗ್ರಹಣದ ದಾರಿ ಅಂಕೋಲಾ, ಹುಬ್ಬಳ್ಳಿ, ಗದಗ, ರಾಯಚೂರಿನ ಮೇಲೇ ಹಾದುಹೋಗಿತ್ತು. ದೇಶವಿದೇಶದ ವಿಜ್ಞಾನಿಗಳು ದುರ್ಬೀನು ಹೊತ್ತು ಬಂದು ಬಯಲುಗಳಲ್ಲಿ ಬೀಡುಬಿಟ್ಟಿದ್ದರು. ಎಪ್ಪತ್ತೆಂಟು ಮಾವನ ಬದುಕಿನಲ್ಲಿ, ಅವರು ಎಲ್ಲಿಗೂ ಹೋಗಬೇಕಿಲ್ಲದೆ, ಸುದ್ದಿಯೇ ಅವರ ಮನೆಯ ಹೆಂಚಿನ ಮೇಲೆ ಬಂದು ನಿಂತ ದಿನ ಅದೊಂದೇ.

"ಮಧ್ಯಾಹ್ನದ ಇಳಿಹೊತ್ತು ಅಷ್ಟೇ," ಮಾವ ಕಣ್ಣು ಕಿರಿದು ಮಾಡುತ್ತಾರೆ, "ಕತ್ತಲೆ ಅಂದ್ರೆ ಕತ್ತಲೆ. ಕಾಗೆಗಳೆಲ್ಲ ಕೂಗ್ತಾ ಗೂಡಿಗೆ ಹೋದ್ವು. ನಾಯಿ ಊಳಿಟ್ವು. ಸೂರ್ಯನ ಸುತ್ತ ಬೆಳ್ಳಿ ಬಳೆ ಹಾಗೆ..."

"ಬಾಗಿಲು ಚಿಲಕ ಹಾಕಿ, ಉಪ್ಪಿನಕಾಯಿ ಜಾಡಿಗೆ ದರ್ಭೆ ಇಟ್ಟು, ಮಗೂನ ಮಡಿಲಲ್ಲಿ ಹಾಕ್ಕೊಂಡು ಮೂಲೇಲಿ ಕೂತಿದ್ರಿ," ಎಂದರು ಅತ್ತೆ. "ಕಿಟಕಿಗೆ ನನ್ನ ಹಳೇ ಸೀರೆ ಎರಡು ಮಡಿಕೆ ಮಾಡಿ ಕಟ್ಟಿಸಿದ್ರಿ. ಎಲ್ಲಿಂದ ಕಂಡ ನಿಮಗೆ ಸೂರ್ಯ?"

ಮಾವ ಒಂದು ಗಳಿಗೆ ಯೋಚಿಸಿದರು.

"ಆ ಸೀರೆ ತೂತು ಬಿದ್ದಿತ್ತು ಕಣೇ. ಅದರಲ್ಲೇ ಕಂಡದ್ದು."

"ಓಹೋ," ಎಂದು ಅತ್ತೆ ಹೂವಿನ ದಾರ ಕೆಳಗಿಟ್ಟರು. "ತೂತು ಬಿದ್ದಿದ್ದು ಆವತ್ತೇ ಗೊತ್ತಿತ್ತಾ? ಮತ್ತೆ ಯುಗಾದಿಗೆ ಒಂದು ಸೀರೆ ತಗೊಂಡು ಬನ್ನಿ ಅಂದ್ರೆ, ಇರೋದು ಚೆನ್ನಾಗೇ ಇದೆಯಲ್ಲ ಅಂದ್ರಲ್ಲ!"