ನೆಲದಡಿಯ ಯಜಮಾನರ ಸಂದರ್ಶನ

ಅಮೆರಿಕದ ಆಡಳಿತಕ್ಕೆ ಸೇರಿದ ವರ್ಜಿನ್ ದ್ವೀಪಗಳಲ್ಲಿ ಮನೆ ಕಟ್ಟುವ ಕೆಲಸ ಮಳೆನೀರಿನ ತೊಟ್ಟಿಯಿಂದ ಆರಂಭವಾಗುತ್ತದೆ. ಕೆರಿಬಿಯನ್ ಸಮುದ್ರದ ಸೇಂಟ್ ಥಾಮಸ್, ಸೇಂಟ್ ಜಾನ್, ಸೇಂಟ್ ಕ್ರೋಯಿ ಎಂಬ ಈ ಮೂರು ದ್ವೀಪಗಳಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಆದ್ದರಿಂದ ಪಾಯದಲ್ಲೇ ಕಾಂಕ್ರೀಟಿನ ತೊಟ್ಟಿ ಕಟ್ಟಿ, ಸೂರಿನ ನೀರನ್ನು ಅದಕ್ಕೆ ಇಳಿಸಬೇಕೆಂದು ಅಲ್ಲಿನ ಕಟ್ಟಡ ಕಾನೂನು ಹೇಳುತ್ತದೆ. ಬೆಂಗಳೂರಿನ ಸಂಪಿನ ಮುಂದೆ ಇದು ದೊಡ್ಡಪ್ಪನ ಸಮಾನ: ಸಂಪು ನಲ್ಲಿಯ ದಾರಿ ಕಾಯುತ್ತದೆ, ಇದು ಮೋಡದ ದಾರಿ ಕಾಯುತ್ತದೆ.

ಸೇಂಟ್ ಜಾನ್ ದ್ವೀಪದ ಗುಡ್ಡದ ಇಳಿಜಾರಿನಲ್ಲಿ, ಅಮೆರಿಕದ ಮುಖ್ಯನೆಲದಿಂದ ಬಂದು ನೆಲೆಸಿದ ದಂಪತಿಯ ಮುಕ್ಕಾಲು ಮುಗಿದ ಮನೆಯಿದೆ. ಸೂರು ಬಂದಿದೆ, ಕಿಟಕಿಗಳು ಬಂದಿಲ್ಲ. ಆ ಮನೆಯಡಿಯ ತೊಟ್ಟಿ ಸಂದರ್ಶನಕ್ಕೆ ಒಪ್ಪಿತು. ಕಾನೂನಿನ ಕಲಮಿನಲ್ಲಿ ಹುಟ್ಟಿದ್ದರಿಂದ ಅದಕ್ಕೆ ‘ನಾನು’ ಎನ್ನುವ ಅಭ್ಯಾಸವಿಲ್ಲ. ತನ್ನ ವಿಷಯವನ್ನೂ ಪಠ್ಯಪುಸ್ತಕದ ಧಾಟಿಯಲ್ಲೇ ಹೇಳುತ್ತದೆ.

ಪ್ರಶ್ನೆ: ನಮಸ್ಕಾರ. ತಮ್ಮ ಗಾತ್ರವನ್ನು ನಿರ್ಧರಿಸಿದ್ದು ಮನೆಯವರೇ?

ತೊಟ್ಟಿ: ಮನೆಯವರು ನಿರ್ಧರಿಸಿದ್ದು ವರಾಂಡ ಯಾವ ಕಡೆಗೆ ಮುಖ ಮಾಡಬೇಕು, ಅಡುಗೆಮನೆಯ ಕಟ್ಟೆಗೆ ಯಾವ ಬಣ್ಣದ ಕಲ್ಲು ಎಂಬುದನ್ನು ಮಾತ್ರ. ತೊಟ್ಟಿಯ ಗಾತ್ರವನ್ನು ಸೂರು ನಿರ್ಧರಿಸುತ್ತದೆ. ಒಂದಂತಸ್ತಿನ ಮನೆಯಾದರೆ ಸೂರಿನ ಪ್ರತಿ ಚದರಡಿಗೆ 10 ಗ್ಯಾಲನ್, ಅದಕ್ಕಿಂತ ಹೆಚ್ಚು ಅಂತಸ್ತಾದರೆ 15 ಗ್ಯಾಲನ್ ಹಿಡಿಯುವಷ್ಟು ಇರಬೇಕು. ಒಂದಂತಸ್ತಿನ ಈ ಮನೆಯ ಸೂರು 1,500 ಚದರಡಿ. ಅಂದರೆ ತೊಟ್ಟಿಗೆ 15,000 ಗ್ಯಾಲನ್, ಸುಮಾರು 57,000 ಲೀಟರ್. ನಕ್ಷೆಯಲ್ಲಿ ಈ ಅಂಕಿ ಕಂಡಾಗ ದಂಪತಿ ಇಂಜಿನಿಯರನ್ನು ಕೇಳಿದ್ದು ಒಂದೇ ಪ್ರಶ್ನೆ: ಸೊನ್ನೆ ಒಂದು ಜಾಸ್ತಿ ಬಿದ್ದಿಲ್ಲವೇ? ಈಜುಕೊಳದ ಲೆಕ್ಕದಲ್ಲಿ ಅವರಿಗೆ ಆ ಅನುಮಾನ ಬಂದಿರಲಿಲ್ಲ.

ಪ್ರಶ್ನೆ: ಅಷ್ಟು ಮಳೆ ಬರುತ್ತದೆಯೇ?

ತೊಟ್ಟಿ: ವರ್ಷದ ಮಳೆ ಹೆಚ್ಚುಕಡಿಮೆ ಬೆಂಗಳೂರಿನಷ್ಟೇ, 1,000 ಮಿಲಿಮೀಟರಿನ ಆಸುಪಾಸು. ದ್ವೀಪದ ಪೂರ್ವದ ತುದಿಯಲ್ಲಿ ಇನ್ನೂ ಕಡಿಮೆ. ಸಾವಿರ ಚದರಡಿಯ ಸೂರಿನ ಮೇಲೆ ಒಂದು ಅಂಗುಲ ಮಳೆ ಬಿದ್ದರೆ 2,300 ಲೀಟರಿಗಿಂತ ತುಸು ಹೆಚ್ಚು ನೀರಾಗುತ್ತದೆ. ಬೆಂಗಳೂರಿನಲ್ಲಿ 2009ರಲ್ಲಿ ಮಳೆಕೊಯ್ಲು ಕಡ್ಡಾಯವಾದಾಗ ಜನರಿಗೆ ಈ ಲೆಕ್ಕ ಹೊಸದಾಗಿತ್ತು. ಅವರಿಗೆ ಹೇಗೂ ಕಾವೇರಿ ಇತ್ತು. ಇಲ್ಲಿ ಈ ಲೆಕ್ಕ ಬಿಟ್ಟರೆ ಟ್ಯಾಂಕರ್ ಮಾತ್ರ. ತೊಡಕಿರುವುದು ಮಳೆಯ ಪ್ರಮಾಣದಲ್ಲಲ್ಲ, ಪಂಚಾಂಗದಲ್ಲಿ. ಹೆಚ್ಚಿನ ಮಳೆ ಸೆಪ್ಟೆಂಬರಿನಿಂದ ನವೆಂಬರಿನವರೆಗೆ. ಫೆಬ್ರವರಿಯಿಂದ ಏಪ್ರಿಲಿನವರೆಗೆ ಆಕಾಶ ಒಣಗಿರುತ್ತದೆ. ಮುಖ್ಯನೆಲದಲ್ಲಿ ಹಿಮ ಬೀಳುವುದೂ, ಹತ್ತು ವರ್ಷ ಫೋನು ಮಾಡದ ಬಂಧುಗಳಿಗೆ ಈ ದಂಪತಿಯ ಮೇಲೆ ಪ್ರೀತಿ ಉಕ್ಕುವುದೂ ಅದೇ ತಿಂಗಳುಗಳಲ್ಲಿ. ಅವರು ಸಮುದ್ರಸ್ನಾನ ಮುಗಿಸಿ ಬಂದು, ಉಪ್ಪು ಹೋಗಲೆಂದು ಷವರಿನ ಕೆಳಗೆ ಅರ್ಧ ಗಂಟೆ ನಿಲ್ಲುತ್ತಾರೆ. ತೊಟ್ಟಿಗೆ ತಳ ಕಾಣಿಸುತ್ತದೆ.

ಪ್ರಶ್ನೆ: ಕಟ್ಟುವಾಗ ಕಷ್ಟವಾಯಿತೇ?

ತೊಟ್ಟಿ: ತೊಟ್ಟಿಯ ಗೋಡೆ ಸೋರಬಾರದು. ಹಿಂದಿನ ದಿನದ ಕಾಂಕ್ರೀಟಿಗೂ ಮರುದಿನದ ಕಾಂಕ್ರೀಟಿಗೂ ನಡುವೆ ಉಳಿಯುವ ಗೆರೆಯಿಂದಲೇ ನೀರು ಜಿನುಗುವುದು ಹೆಚ್ಚು. ಹಾಗಾಗಿ ಸೆಂಟ್ರಿಂಗ್ ಹೊಡೆದ ಮೇಲೆ ಒಂದು ಗೋಡೆಯನ್ನು ಒಂದೇ ದಮ್ಮಿಗೆ ತುಂಬುವುದು ಒಳ್ಳೆಯದು. ಆದರೆ ರಸ್ತೆ ಕಡಿದಾಗಿದೆ, ತಿರುವುಗಳು ಇಕ್ಕಟ್ಟಾಗಿವೆ. ಕಾಂಕ್ರೀಟ್ ಲಾರಿ ಅರ್ಧ ದಾರಿಯಲ್ಲಿ ಏದುಸಿರು ಬಿಡುತ್ತಾ ನಿಂತರೆ ಗೋಡೆಯ ಭವಿಷ್ಯವೂ ಅಲ್ಲೇ ಗಟ್ಟಿಯಾಗತೊಡಗುತ್ತದೆ. ಕಡಲತೀರದ ಮರಳು ಕಣ್ಣೆದುರೇ ರಾಶಿ ಬಿದ್ದಿದೆಯಲ್ಲ ಎಂದು ಹೊಸಬರು ಕೇಳುವುದುಂಟು. ಅದರಲ್ಲಿ ಉಪ್ಪಿದೆ, ಉಪ್ಪು ಒಳಗಿನ ಕಂಬಿಯನ್ನು ತಿನ್ನುತ್ತದೆ. ತೀರದಿಂದ ಮರಳು ಎತ್ತುವುದು ಅಪರಾಧವೂ ಹೌದು. ಎಲ್ಲಕ್ಕಿಂತ ತಮಾಷೆ ಕ್ಯೂರಿಂಗ್‌ನದು. ಕಾಂಕ್ರೀಟಿಗೆ ದಿನಗಟ್ಟಲೆ ನೀರು ಹೊಡೆಯಬೇಕು. ಊರಿಗೆಲ್ಲ ಬಿಸಿಲಿದ್ದಾಗ ನೀರನ್ನು ಕೂಡಿಡಬೇಕಾದ ತೊಟ್ಟಿ, ತನ್ನ ಹುಟ್ಟಿನ ಮೊದಲ ವಾರ ಟ್ಯಾಂಕರಿನಿಂದ ಕೊಂಡ ನೀರು ಕುಡಿದು ಬದುಕಿತು. ಬಿಲ್ಲು ನೋಡಿ ಮನೆಯವರು ಮೊದಲ ಸಲ ಸಮುದ್ರಕ್ಕೆ ಬೆನ್ನು ಹಾಕಿ ಕುಳಿತರು.

ಪ್ರಶ್ನೆ: ಕಿಟಕಿಗಳು ಇನ್ನೂ ಬಂದಿಲ್ಲವಲ್ಲ. ದ್ವೀಪದ ಕೆಲಸಗಾರರು ನಿಧಾನ ಎಂಬ ದೂರಿದೆ.

ತೊಟ್ಟಿ: ದೂರು ಯಾವಾಗಲೂ ಕೈಗೆ ಸಿಗುವವನ ಮೇಲೆ ಬೀಳುತ್ತದೆ. ಕಿಟಕಿಯ ಚೌಕಟ್ಟು ಹೊರಡುವುದು ಫ್ಲಾರಿಡಾದ ಬಂದರಿನಿಂದ. ಕಂಟೇನರಿನಲ್ಲಿ ಸೇಂಟ್ ಥಾಮಸ್‌ಗೆ ಬಂದು, ಸುಂಕ ಕಟ್ಟಿಸಿಕೊಂಡು, ಆ ದ್ವೀಪದ ಪೂರ್ವಕ್ಕಿರುವ ರೆಡ್ ಹುಕ್‌ವರೆಗೆ ಲಾರಿಯಲ್ಲಿ ಸಾಗಿ, ವಾಹನ ಸಾಗಿಸುವ ಬಾರ್ಜ್ ಹತ್ತಿ ಕ್ರೂಸ್ ಬೇಯಲ್ಲಿ ಇಳಿದು, ಮತ್ತೆ ಗುಡ್ಡ ಹತ್ತಬೇಕು. ಸೇಂಟ್ ಜಾನ್‌ನಲ್ಲಿ ವಿಮಾನ ನಿಲ್ದಾಣವೇ ಇಲ್ಲ. ಪೆಟ್ಟಿಗೆ ಬಿಚ್ಚಿದಾಗ ಕೀಲು ಎಡಗಡೆಯದರ ಬದಲು ಬಲಗಡೆಯದಾಗಿದ್ದರೆ ಇಡೀ ಪ್ರಯಾಣ ಮೊದಲಿನಿಂದ. ಮೇಸ್ತ್ರಿಗೆ ಹಡಗೂ ಇಲ್ಲ, ಬಂದರೂ ಇಲ್ಲ. ಅವನ ಹತ್ತಿರ ಇರುವುದು ಕರಣೆ ಮತ್ತು ತಾಳ್ಮೆ. ಮನೆಯವರ ಹತ್ತಿರ ಎರಡೂ ಇಲ್ಲ.

ಇನ್ನೊಂದು ಕಾರಣವೂ ಇದೆ. ಇಲ್ಲಿ ಅಂಗಡಿಗೆ ಕಾಲಿಡುವವರು ಮೊದಲು ಒಳಗಿದ್ದವರಿಗೆಲ್ಲ ‘ಗುಡ್ ಮಾರ್ನಿಂಗ್’ ಹೇಳಬೇಕು. ಹೊತ್ತು ಮಧ್ಯಾಹ್ನವಾಗಿದ್ದರೆ ಮಧ್ಯಾಹ್ನದ್ದು. ಈ ಮನೆಯ ಯಜಮಾನರು ಮೊದಲ ದಿನ ಬಾಗಿಲಲ್ಲೇ ನಿಂತು ‘ಅರ್ಧ ಇಂಚಿನ ಎಲ್ಬೋ ಇದೆಯೇ’ ಎಂದು ಕೂಗಿದರು. ಅಂಗಡಿಯಲ್ಲಿ ಎಲ್ಬೋ ಇತ್ತು. ಅವರಿಗೆ ಸಿಗಲಿಲ್ಲ.

ಪ್ರಶ್ನೆ: ಉಳಿದ ಪರದಾಟಗಳು?

ತೊಟ್ಟಿ: ಸಣ್ಣವು. ಕಾರಿನ ಸ್ಟೀರಿಂಗ್ ಎಡಕ್ಕಿದೆ, ಕಾರು ಓಡಬೇಕಾದದ್ದೂ ರಸ್ತೆಯ ಎಡಕ್ಕೇ. ಉಪ್ಪುಗಾಳಿಗೆ ಸಾಧಾರಣ ತಿರುಪು ತುಕ್ಕು ಹಿಡಿಯುತ್ತದೆ, ಗೆದ್ದಲು ಮರವನ್ನು ಮುಗಿಸುತ್ತದೆ. ವಿದ್ಯುತ್ತಿನ ದರ ಮುಖ್ಯನೆಲದ ಸರಾಸರಿಯ ಎರಡರಷ್ಟಕ್ಕೂ ಹೆಚ್ಚು. ದ್ವೀಪದ ಅರ್ಧಕ್ಕಿಂತ ಹೆಚ್ಚು ನೆಲ 1956ರಲ್ಲಿ ಸ್ಥಾಪನೆಯಾದ ರಾಷ್ಟ್ರೀಯ ಉದ್ಯಾನಕ್ಕೆ ಸೇರಿರುವುದರಿಂದ ನಿವೇಶನವೂ ದುಬಾರಿ.

ನಿವೇಶನದ ವಿಳಾಸದಲ್ಲಿ ಹಳೆಯ ತೋಟವೊಂದರ ಹೆಸರಿದೆ. ದ್ವೀಪಗಳು ಡೆನ್ಮಾರ್ಕಿನ ವಶದಲ್ಲಿದ್ದ ಕಾಲದಲ್ಲಿ ಅಲ್ಲಿ ಕಬ್ಬು ಬೆಳೆದವರು ಆಫ್ರಿಕಾದಿಂದ ತಂದ ಗುಲಾಮರು. ಇದೇ ದ್ವೀಪದಲ್ಲಿ 1733ರಲ್ಲಿ ಅವರು ದಂಗೆ ಎದ್ದರು. ಬಿಡುಗಡೆ ಸಿಕ್ಕಿದ್ದು 1848ರಲ್ಲಿ. 1917ರಲ್ಲಿ ಅಮೆರಿಕ 2.5 ಕೋಟಿ ಡಾಲರಿನ ಚಿನ್ನ ಕೊಟ್ಟು ದ್ವೀಪಗಳನ್ನು ಕೊಂಡಿತು. ಅನ್ನಾಬರ್ಗ್ ಸಕ್ಕರೆ ಕಾರ್ಖಾನೆಯ ಕಲ್ಲು, ಹವಳದ ಗೋಡೆಗಳು ಇವತ್ತಿಗೂ ನಿಂತಿವೆ. ಅವುಗಳನ್ನು ಕಟ್ಟಿದವರಿಗೆ ಸಮುದ್ರದ ನೋಟ ಪುಕ್ಕಟೆಯಾಗಿತ್ತು. ಈಗ ಆ ನೋಟಕ್ಕೆ ಚದರಡಿಯ ಲೆಕ್ಕದಲ್ಲಿ ಬೆಲೆ ಕಟ್ಟುತ್ತಾರೆ.

ಪ್ರಶ್ನೆ: ತಮ್ಮೊಳಗೆ ನೀರಲ್ಲದೆ ಮತ್ತಾರಿದ್ದಾರೆ?

ತೊಟ್ಟಿ: ಸೂರಿನ ಮೇಲೆ ಏನು ಬೀಳುತ್ತದೋ ಅದೆಲ್ಲ. ಬೇಸಿಗೆಯಲ್ಲಿ ಸಹಾರಾ ಮರುಭೂಮಿಯ ಧೂಳು ಅಟ್ಲಾಂಟಿಕ್ ದಾಟಿ ಬರುತ್ತದೆ, ವೀಸಾ ಕೇಳುವವರಿಲ್ಲ. ಜಾಲರಿ ಹರಿದಿದ್ದರೆ ಮರಗಪ್ಪೆಗಳು ಬಂದು ರಾತ್ರಿಯಿಡೀ ಕಛೇರಿ ನಡೆಸುತ್ತವೆ. ಸೊಳ್ಳೆಯ ಮರಿ ತಿನ್ನಲು ಕೆಲವರು ಸಣ್ಣ ಮೀನು ಬಿಡುತ್ತಾರೆ. ಕುಡಿಯುವ ನೀರು ಸೋಸುಕ ಮತ್ತು ನೇರಳಾತೀತ ದೀಪ ದಾಟಿಯೇ ಹೋಗಬೇಕು. ಭಾರತದ ಓದುಗರಿಗಾಗಿ ಒಂದು ಮಾತು: ಅಂಗಳದಲ್ಲಿ ಓಡಾಡುವ ಮುಂಗುಸಿ ಆ ಕಡೆಯದೇ. 1872ರಲ್ಲಿ ಕಲ್ಕತ್ತೆಯಿಂದ ಒಂಬತ್ತು ಮುಂಗುಸಿಗಳನ್ನು ಜಮೈಕಾಕ್ಕೆ ತಂದರು, ಕಬ್ಬಿನ ಗದ್ದೆಯ ಇಲಿ ಹಿಡಿಯಲೆಂದು. ಅಲ್ಲಿಂದ ಅವು ದ್ವೀಪದಿಂದ ದ್ವೀಪಕ್ಕೆ ಹರಡಿದವು. ಇಲಿ ತಿರುಗುವುದು ರಾತ್ರಿ, ಮುಂಗುಸಿ ತಿರುಗುವುದು ಹಗಲು. ಇಬ್ಬರೂ ಸುಖವಾಗಿದ್ದಾರೆ. ದ್ವೀಪಕ್ಕೆ ವಲಸೆ ಬಂದು ಪರವಾನಗಿಯಿಲ್ಲದೆ ಮನೆ ಮಾಡಿಕೊಂಡು, ಯಾವ ದೂರೂ ಹೇಳದೆ ನೆಲೆಸಿದ ಕುಟುಂಬವೆಂದರೆ ಅದೊಂದೇ.

ಪ್ರಶ್ನೆ: ಚಂಡಮಾರುತದ ಬಗ್ಗೆ ಹೇಳಿ.

ತೊಟ್ಟಿ: ಅದರ ಕಾಲ ಜೂನ್ 1ರಿಂದ ನವೆಂಬರ್ 30. 1995ರ ಮರಿಲಿನ್ ಸೇಂಟ್ ಥಾಮಸ್‌ನ ಸೂರುಗಳನ್ನು ಕಿತ್ತ ಮೇಲೆ ಕಟ್ಟಡ ನಿಯಮ ಬಿಗಿಯಾಯಿತು. ಸೂರಿನ ತೊಲೆಗಳನ್ನು ಗೋಡೆಗೆ ಉಕ್ಕಿನ ಪಟ್ಟಿಯಿಂದ ಬಿಗಿಯಬೇಕು; ನಾಲ್ಕೂ ಕಡೆ ಇಳಿಜಾರಾದ ಸೂರು ಗಾಳಿಯನ್ನು ಹೆಚ್ಚು ತಡೆದುಕೊಳ್ಳುತ್ತದೆ. 2017ರ ಸೆಪ್ಟೆಂಬರ್ 6ರಂದು ಇರ್ಮಾ ಗಂಟೆಗೆ ಸುಮಾರು 285 ಕಿಲೋಮೀಟರ್ ವೇಗದ ಗಾಳಿಯೊಂದಿಗೆ ಬಂತು. ಎರಡು ವಾರದಲ್ಲಿ ಮರಿಯಾ ಬಂತು. ಅನೇಕ ಮನೆಗಳಿಗೆ ತಿಂಗಳುಗಟ್ಟಲೆ ವಿದ್ಯುತ್ತಿರಲಿಲ್ಲ. ವಿದ್ಯುತ್ತಿಲ್ಲದಿದ್ದರೆ ಪಂಪಿಲ್ಲ. ಕಾಲಡಿಯಲ್ಲಿ ಸಾವಿರಾರು ಲೀಟರ್ ನೀರು, ನಲ್ಲಿಯಲ್ಲಿ ಗಾಳಿ. ಆಗ ಮುಚ್ಚಳ ತೆಗೆದು ಹಗ್ಗಕ್ಕೆ ಬಕೆಟ್ ಕಟ್ಟಬೇಕು. ಫೋನಿನಿಂದಲೇ ದೀಪ ಆರಿಸುವ ವ್ಯವಸ್ಥೆಗೆ ದಂಪತಿ ಹಣ ಸುರಿದಿದ್ದಾರೆ. ಹಗ್ಗ ಇನ್ನೂ ಕೊಂಡಿಲ್ಲ.

ಬಿರುಗಾಳಿ ಬರುವ ಮುನ್ನ ಸೂರಿನಿಂದ ತೊಟ್ಟಿಗೆ ಇಳಿಯುವ ಕೊಳವೆಯನ್ನು ಕಳಚಿಡುವುದು ವಾಡಿಕೆ. ಇಲ್ಲವಾದರೆ ಹಾರಿಬಂದ ಉಪ್ಪುನೀರು, ಎಲೆ, ಕಸವೆಲ್ಲ ಒಳಗೆ ಸೇರುತ್ತದೆ. ವಿಮೆಯನ್ನೂ ಮೊದಲೇ ಮಾಡಿಸಬೇಕು. ಬಿರುಗಾಳಿ ನಕ್ಷೆಯಲ್ಲಿ ಹತ್ತಿರ ಬಂದ ಮೇಲೆ ಕಂಪನಿಗಳು ಹೊಸ ಪಾಲಿಸಿ ಕೊಡುವುದಿಲ್ಲ.

ಪ್ರಶ್ನೆ: ಇಲ್ಲಿಗೆ ಬಂದು ಮನೆ ಕಟ್ಟಬೇಕೆನ್ನುವವರಿಗೆ ಏನು ಹೇಳುತ್ತೀರಿ?

ತೊಟ್ಟಿ: ನಿವೇಶನ ನೋಡಲು ಡಿಸೆಂಬರಿನಲ್ಲಿ ಬರಬೇಡಿ, ಆಗ ಎಲ್ಲವೂ ಹಸಿರು. ಒಮ್ಮೆ ಏಪ್ರಿಲ್ ಕೊನೆಗೆ ಬನ್ನಿ, ಅಕ್ಕಪಕ್ಕದ ಮನೆಗಳ ತೊಟ್ಟಿಯಲ್ಲಿ ಎಷ್ಟು ನೀರು ಉಳಿದಿದೆ ಎಂದು ಕೇಳಿ. ಇನ್ನೊಮ್ಮೆ ಅಕ್ಟೋಬರಿನ ಮಳೆಯಲ್ಲಿ ಬಂದು, ನಿವೇಶನದವರೆಗೆ ಗಾಡಿ ಹತ್ತುತ್ತದೆಯೇ ನೋಡಿ. ಎರಡು ಸಲವೂ, ಏನನ್ನಾದರೂ ಕೇಳುವ ಮೊದಲು ‘ಗುಡ್ ಮಾರ್ನಿಂಗ್’ ಹೇಳಿ.