ಯುವನಿಧಿ ಭಾಷ್ಯ: ಕೆಲಸವಿಲ್ಲವೆಂಬುದಕ್ಕೆ ಪ್ರಮಾಣವೇನು?

ಪೀಠಿಕೆ

‘ಉದ್ಯೋಗಂ ಪುರುಷಲಕ್ಷಣಂ’ ಎಂದ ಹಿರಿಯರು ನಿರುದ್ಯೋಗದ ಲಕ್ಷಣ ಯಾವುದೆಂದು ಹೇಳದೆಯೇ ತೀರಿಕೊಂಡರು. ಶಾಸ್ತ್ರದ ಈ ಕೊರತೆಯನ್ನು ಕರ್ನಾಟಕ ಸರ್ಕಾರ 2023ರ ಡಿಸೆಂಬರ್ 26ರಂದು ತುಂಬಿತು. ಅಂದು ನೋಂದಣಿ ಶುರುವಾದ ಯುವನಿಧಿಯ ಪ್ರಕಾರ, 2022-23ರಲ್ಲಿ ಪದವಿಯನ್ನೋ ಡಿಪ್ಲೊಮಾವನ್ನೋ ಪಾಸು ಮಾಡಿ, 180 ದಿನ ಕಳೆದರೂ ಕೆಲಸ ಸಿಗದವನು ನಿರುದ್ಯೋಗಿ. 179ನೆಯ ದಿನದವರೆಗೆ ಅವನು ಬರೀ ಮನೆಯಲ್ಲಿ ಕೂತವನು. ಮುಂದೆ ಓದುತ್ತಿರಬಾರದು, ಅಪ್ರೆಂಟಿಸ್ ಆಗಿರಬಾರದು. ಪದವೀಧರನಿಗೆ ತಿಂಗಳಿಗೆ 3,000 ರೂಪಾಯಿ, ಡಿಪ್ಲೊಮಾದವನಿಗೆ 1,500. ಹೆಚ್ಚೆಂದರೆ ಎರಡು ವರ್ಷ. ಮೊದಲ ಕಂತು ಬಿಡುಗಡೆಯಾದದ್ದು ಶಿವಮೊಗ್ಗದಲ್ಲಿ, 2024ರ ಜನವರಿ 12ರ ವಿವೇಕಾನಂದ ಜಯಂತಿಯಂದು. ಯುವಕರನ್ನು ಎಬ್ಬಿಸಿದ ಸನ್ಯಾಸಿಯ ಹುಟ್ಟುಹಬ್ಬಕ್ಕೆ ಕೂತ ಯುವಕರಿಗೆ ಹಣ ಸಂದಾಯವಾದದ್ದರ ಔಚಿತ್ಯ ಬೇರೊಂದು ಪ್ರಬಂಧದ ವಸ್ತು.

ಅಧ್ಯಯನದ ವ್ಯಾಪ್ತಿ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಕೊಪ್ಪಳ ಜಿಲ್ಲೆಯ ಪಾಲಿಗೆ ಬಂದ ತಾಲ್ಲೂಕುಗಳು ಇವೇ ನಾಲ್ಕು. ಕ್ಷೇತ್ರಕಾರ್ಯಕ್ಕೆ ಒದಗಿದ ಮಾದರಿ ಒಂದೇ ಒಂದು: ಈ ಪ್ರಬಂಧಕಾರನ ಅಕ್ಕನ ಮಗ, ಬಿ.ಕಾಂ. ಹೆಸರು ಗವಿಸಿದ್ದಪ್ಪ ಎಂದಿಟ್ಟುಕೊಳ್ಳೋಣ. ಕೊಪ್ಪಳ ಸೀಮೆಯಲ್ಲಿ ಕಣ್ಣುಮುಚ್ಚಿ ಕಲ್ಲು ಒಗೆದರೂ ಅದು ಒಬ್ಬ ಗವಿಸಿದ್ದಪ್ಪನ ಮೇಲೇ ಬೀಳುವುದರಿಂದ ಗುರುತು ಹತ್ತುವ ಭಯವಿಲ್ಲ.

1. ಶಾಸನಾಧಾರ

ಕನ್ನಡದ ತಿರುಳು ಎಲ್ಲಿದೆಯೆಂದು ಹೇಳುವಾಗ ಕವಿರಾಜಮಾರ್ಗ ಎಣಿಸುವ ನಾಲ್ಕು ಊರುಗಳಲ್ಲಿ ಕೋಪಣ, ಅಂದರೆ ಇಂದಿನ ಕೊಪ್ಪಳ, ಒಂದು. ಆದ್ದರಿಂದ ಇಲ್ಲಿಯ ಸೇವಾ ಕೇಂದ್ರಗಳಲ್ಲಿ ಕೇಳಿಬರುವ ‘ಸರ್ವರ್ ಡೌನ್ ಐತ್ರಿ’ ಎಂಬ ಪ್ರಯೋಗವನ್ನೂ ತಿರುಳ್ಗನ್ನಡವೆಂದೇ ಸ್ವೀಕರಿಸಬೇಕಾಗುತ್ತದೆ.

ಯುವನಿಧಿ ಬೇಡುವ ಸ್ವಯಂ ಘೋಷಣೆಯೆಂಬ ಸಾಹಿತ್ಯ ಪ್ರಕಾರವೂ ಈ ಊರಿಗೆ ಹೊಸದಲ್ಲ. ಗವಿಮಠದ ಬಂಡೆಯ ಮೇಲೂ ಪಾಲ್ಕಿಗುಂಡಿನ ಮೇಲೂ ಅಶೋಕ ಕೆತ್ತಿಸಿದ್ದು ಅದನ್ನೇ. ತಾನು ಉಪಾಸಕನಾಗಿ ಎರಡೂವರೆ ವರ್ಷ ದಾಟಿತು, ಮೊದಲ ಒಂದು ವರ್ಷ ಹೇಳಿಕೊಳ್ಳುವಂಥ ಶ್ರಮವನ್ನೇನೂ ಪಡಲಿಲ್ಲ, ಈಚೆಗೆ ಪಡುತ್ತಿದ್ದೇನೆ ಎಂದು ಆ ಶಾಸನದ ಸಾರ. ವರ್ಷವಿಡೀ ಕೈಕಟ್ಟಿ ಕೂತಿದ್ದನ್ನು ಈ ಜಿಲ್ಲೆಯಲ್ಲಿ ಬರವಣಿಗೆಯ ಮೂಲಕ ಒಪ್ಪಿಕೊಂಡ ಮೊದಲಿಗ ಅವನೇ. ಪ್ರತಿಗಳು ಎರಡು. ಗವಿಮಠದ್ದು ಸ್ಪಷ್ಟವಾಗಿದೆ. ಪಾಲ್ಕಿಗುಂಡಿನದು ಸವೆದುಹೋಗಿದೆ, ಇಂದಿನ ಪರಿಭಾಷೆಯಲ್ಲಿ ‘ಸ್ಕ್ಯಾನ್ ಬ್ಲರ್ ಆಗಿದೆ, ಮತ್ತೆ ಅಪ್‌ಲೋಡ್ ಮಾಡಿ’.

ಒಂದು ವ್ಯತ್ಯಾಸವುಂಟು. ಸಾಮ್ರಾಟ ಒಂದು ಸಲ ಹೇಳಿದ್ದನ್ನು ಬಂಡೆ ನಂಬಿತು. ಗವಿಸಿದ್ದಪ್ಪನಾದರೋ, ಯೋಜನೆ ಜಾರಿಯಾದಾಗಿನ ನಿಯಮದಂತೆ, ಪ್ರತಿ ತಿಂಗಳು 25ರೊಳಗೆ ತನಗೆ ಇನ್ನೂ ಕೆಲಸ ಸಿಕ್ಕಿಲ್ಲವೆಂದು ಘೋಷಿಸಬೇಕಿತ್ತು. ಕೇಂದ್ರದ ಹುಡುಗ ಕೀಬೋರ್ಡಿನಿಂದ ತಲೆ ಎತ್ತದೆ ಪ್ರತಿ ಸಲವೂ ಕೇಳುತ್ತಿದ್ದ: “ಈ ತಿಂಗಳೂ ಕೆಲಸ ಇಲ್ಲೇನಪಾ?” ಇವನು “ಇಲ್ಲಣ್ಣ” ಅನ್ನುತ್ತಿದ್ದ. ಆಮೇಲೆ ಒಟಿಪಿ ಬರುತ್ತಿತ್ತು.

2. ಪಾಠಾಂತರ ವಿಚಾರ

ಗ್ರಂಥ ಸಂಪಾದನೆಯಲ್ಲಿ ಪಳಗಿದವರಿಗೂ ಬೆವರಿಳಿಸುವ ಭಾಗವಿದು. ಗವಿಸಿದ್ದಪ್ಪನೆಂಬ ಕೃತಿಗೆ ಮೂರು ಹಸ್ತಪ್ರತಿಗಳಿವೆ. ‘ಅ’ ಪ್ರತಿ (ಎಸ್ಸೆಸ್ಸೆಲ್ಸಿ ಅಂಕಪಟ್ಟಿ): ‘ಗವಿಸಿದ್ದಪ್ಪ ಎಚ್’. ‘ಆ’ ಪ್ರತಿ (ಆಧಾರ್): ‘ಗವಿಸಿದ್ಧಪ್ಪ ಹನಮಪ್ಪ’, ಲಿಪಿಕಾರ ಒಂದು ಮಹಾಪ್ರಾಣವನ್ನು ಪುಕ್ಕಟೆ ದಯಪಾಲಿಸಿದ್ದಾನೆ. ‘ಇ’ ಪ್ರತಿ (ಬ್ಯಾಂಕ್ ಪಾಸ್‌ಬುಕ್): ‘ಹನಮಪ್ಪ ಜಿ’, ಇಲ್ಲಿ ಮಗ ಮಾಯವಾಗಿ ಅಪ್ಪನೇ ಖಾತೆದಾರನಾಗಿದ್ದಾನೆ.

“ಹೆಸರು ಮ್ಯಾಚ್ ಆಗವಲ್ದು ನೋಡ್ರಿ ಸರ.”

“ಇವನ ಅವನು ಅಂತ ನಾ ಹೇಳ್ತೀನಲ್ರೀ. ನನ್ನ ಸ್ವಂತ ಅಕ್ಕನ ಮಗ.”

“ನೀವು ಹೇಳಿದ್ರ ಏನ್ ಬಂತ್ರೀ? ಸಿಸ್ಟಂ ಹೇಳಬೇಕಲ್ರೀ.”

ಪ್ರಮಾಣಗಳಲ್ಲಿ ಶಬ್ದಪ್ರಮಾಣವೆಂಬುದೊಂದಿದೆ, ಆಪ್ತರ ಮಾತು ಎಂದರ್ಥ. ಆಪ್ತನ ಸ್ಥಾನ ಸೋದರಮಾವನಿಂದ ಸಿಸ್ಟಮ್ಮಿಗೆ ಹೋದದ್ದನ್ನು ಇಲ್ಲಿ ಗಮನಿಸಬೇಕು.

ಹೆಸರು ತಾಳೆಯಾಗದೆ ಅರ್ಜಿ ಸಿಕ್ಕಿಬೀಳುವ ರೋಗವೂ ಮೌರ್ಯರಷ್ಟು ಹಳೆಯದೇ. ಬಹುತೇಕ ಶಾಸನಗಳಲ್ಲಿ ಅಶೋಕ ತನ್ನನ್ನು ‘ದೇವಾನಾಂಪ್ರಿಯ’, ‘ಪ್ರಿಯದರ್ಶಿ’ ಎಂದು ಕರೆದುಕೊಂಡ. ಮನೆಯ ಹೆಸರನ್ನು ನಮೂದಿಸಲಿಲ್ಲ. ಈ ಪ್ರಿಯದರ್ಶಿ ಆ ಅಶೋಕನೇ ಎಂಬುದು ವಿದ್ವಾಂಸರ ಊಹೆಯಾಗಿಯೇ ಬಹುಕಾಲ ಉಳಿದಿತ್ತು. 1915ರಲ್ಲಿ ಮಸ್ಕಿಯ ಬಂಡೆಯ ಮೇಲೆ ‘ಅಶೋಕ’ ಎಂಬ ಹೆಸರು ಸಿಕ್ಕಿದಾಗ ಪ್ರಕರಣ ಇತ್ಯರ್ಥವಾಯಿತು. ಕಡತ ಎರಡು ಸಾವಿರ ವರ್ಷಕ್ಕೂ ಮೇಲ್ಪಟ್ಟು ಬಾಕಿ ಇತ್ತು, ದಾಖಲೆ ಇದ್ದದ್ದು ನಮ್ಮ ಹಳೇ ಜಿಲ್ಲೆ ರಾಯಚೂರಿನಲ್ಲೇ. ಇದಕ್ಕೆ ಹೋಲಿಸಿದರೆ ಆಧಾರ್ ತಿದ್ದುಪಡಿಗೆ ಹಿಡಿದ ಐದು ತಿಂಗಳನ್ನು ತ್ವರಿತ ಸೇವೆ ಎನ್ನದೆ ವಿಧಿಯಿಲ್ಲ.

3. ಅಭಾವ ವಿಚಾರ

ಈಗ ಮುಖ್ಯ ಪ್ರಮೇಯ. ಇರುವುದನ್ನು ತೋರಿಸುವುದು ಸುಲಭ. ಇಲ್ಲದ್ದನ್ನು ತೋರಿಸುವುದು ಹೇಗೆ? ನಮ್ಮ ತಾರ್ಕಿಕರು ‘ನೆಲದ ಮೇಲೆ ಗಡಿಗೆ ಇಲ್ಲ’ ಎಂಬ ಒಂದೇ ವಾಕ್ಯ ಹಿಡಿದು ಶತಮಾನಗಳ ಕಾಲ ಜಗ್ಗಾಡಿದ್ದಾರೆ. ಕಾಣದಿರುವುದೇ ಇಲ್ಲವೆನ್ನಲು ಸಾಕ್ಷಿ, ಅದು ಬೇರೆಯೇ ಪ್ರಮಾಣ ಎಂದು ಭಾಟ್ಟ ಮೀಮಾಂಸಕರು. ಬೇಡ, ಪ್ರತ್ಯಕ್ಷವೇ ಸಾಕು ಎಂದು ನೈಯಾಯಿಕರು. ಗಡಿಗೆಯ ಜಾಗದಲ್ಲಿ ನೌಕರಿಯನ್ನಿಟ್ಟರೆ ಯುವನಿಧಿ ಅರ್ಥವಾಗುತ್ತದೆ. ಅಭಾವದಲ್ಲಿ ನಾಲ್ಕು ಬಗೆ.

ಪ್ರಾಗಭಾವ: ಗಡಿಗೆ ಹುಟ್ಟುವ ಮೊದಲಿನ ಇಲ್ಲದಿರುವಿಕೆ. ಪಿಡಿಒ, ಎಫ್‌ಡಿಎ ಹುದ್ದೆಗೆ ಓದುತ್ತಿರುವವರೆಲ್ಲ ಈ ವರ್ಗ. 371(ಜೆ) ಮೀಸಲಾತಿಯ ಪ್ರಮಾಣಪತ್ರ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿದೆ, ಅಧಿಸೂಚನೆಯೊಂದು ಹುಟ್ಟಬೇಕಿದೆ.

ಪ್ರಧ್ವಂಸಾಭಾವ: ಗಡಿಗೆ ಒಡೆದ ಮೇಲಿನದು. ಗಂಗಾವತಿಯ ಅಕ್ಕಿ ಗಿರಣಿಯಲ್ಲಿ ಸುಗ್ಗಿಯಷ್ಟು ದಿನ ಲೆಕ್ಕ ಬರೆದು ಮನೆಗೆ ಬಂದವನದು ಇದು. ಅವನು ಚೂರುಗಳನ್ನು ತೋರಿಸಬಾರದು. ತೋರಿಸಿದರೆ “ಅಂದ್ರ ಗಡಿಗಿ ಇತ್ತು ಹೌದಲ್ಲೋ?” ಎಂಬ ಪ್ರಶ್ನೆ ಏಳುತ್ತದೆ. ಸುಳ್ಳು ಘೋಷಣೆಗೆ ದಂಡವುಂಟು.

ಅತ್ಯಂತಾಭಾವ: ಭೂತ, ವರ್ತಮಾನ, ಭವಿಷ್ಯ ಮೂರರಲ್ಲೂ ಇಲ್ಲದ್ದು. ಶಾಸ್ತ್ರಕಾರರು ಗಾಳಿಗೆ ಬಣ್ಣವಿಲ್ಲವೆಂಬ ಉದಾಹರಣೆ ಕೊಡುತ್ತಾರೆ. ಯಲಬುರ್ಗಾದಲ್ಲೇ ಇದ್ದು, ಬಿ.ಕಾಂ.ಗೆ ತಕ್ಕ, ಒಂದನೇ ತಾರೀಖಿಗೆ ಪಗಾರ ಬರುವ ನೌಕರಿ ಎಂದು ನಾನು ಕೊಡುತ್ತೇನೆ.

ಅನ್ಯೋನ್ಯಾಭಾವ: ಗಡಿಗೆ ಬಟ್ಟೆಯಲ್ಲ, ಬಟ್ಟೆ ಗಡಿಗೆಯಲ್ಲ. ಇದು ಅತ್ಯಂತ ಸೂಕ್ಷ್ಮ. ಕುಷ್ಟಗಿ ಕಡೆಯ ಹುಡುಗ ಗುಳೆ ಹೋಗಿ ಮಂಗಳೂರಿನಲ್ಲಿ ಕಾಂಕ್ರೀಟು ಹೊತ್ತರೆ ಅದು ದುಡಿಮೆ ಹೌದು, ಉದ್ಯೋಗ ಹೌದೇ? ನಮ್ಮ ಗವಿಸಿದ್ದಪ್ಪ ಮುಂಜಾನೆ ಹೊಲಕ್ಕೆ ಹೋದರೆ ಬರುವುದು ಹೊತ್ತು ಮುಳುಗಿದ ಮೇಲೆ. ಫಾರಂ ತುಂಬುವ ದಿನ ಅಕ್ಕ ನನ್ನನ್ನೇ ಹಿಡಿದಳು: “ದಿನಾ ಕಡ್ಲಿ ಹೊಲದಾಗ ಬೆನ್ನ ಬಗ್ಗಸ್ತಾನ. ಕೆಲಸಿಲ್ಲ ಅಂತ ಹೆಂಗ ಬರಕೊಡ್ತೀರಿ ತಮ್ಮಾ?” ಮೂವತ್ತು ವರ್ಷ ಪಾಠ ಹೇಳಿದ ನನಗೆ ಉತ್ತರ ಹೊಳೆಯಲಿಲ್ಲ.

ತೌಲನಿಕ ಟಿಪ್ಪಣಿ: 2005ರ ಉದ್ಯೋಗ ಖಾತರಿ ಕಾಯ್ದೆ ಗವಿಸಿದ್ದಪ್ಪನ ಅಪ್ಪನಿಗೆ ಬೇರೆ ದಾರಿ ಹಾಕಿಕೊಟ್ಟಿತ್ತು. ಪಂಚಾಯ್ತಿಗೆ ನಮೂನೆ 6 ಕೊಟ್ಟು ಕೆಲಸ ಬೇಡಿ, 15 ದಿನದೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ. ಮೊದಲ 30 ದಿನ ಕೂಲಿಯ ಕಾಲುಭಾಗಕ್ಕೆ ಕಡಿಮೆಯಿಲ್ಲ, ಆಮೇಲೆ ಅರ್ಧಕ್ಕೆ. ಅಲ್ಲಿ ಬೇಡಿದ ಚೀಟಿಯೇ ಅಭಾವಕ್ಕೆ ಸಾಕ್ಷಿ, ತಪ್ಪು ಕೊಡದವರದು. ಹೆಬ್ಬೆಟ್ಟಿನ ಅಪ್ಪನ ಅಭಾವ ಹದಿನೈದು ದಿನಕ್ಕೆ ಹಣ್ಣಾಗುತ್ತಿತ್ತು, ಪದವೀಧರ ಮಗನದಕ್ಕೆ ನೂರೆಂಬತ್ತು ದಿನ ಬೇಕಾಯಿತು. ವಿದ್ಯೆ ಹೆಚ್ಚಾದಷ್ಟೂ ಕಾಯುವ ಶಕ್ತಿ ಹೆಚ್ಚುವುದೆಂದು ಇದರಿಂದ ಸಿದ್ಧ.

4. ಧನಗತಿ ವಿಚಾರ

ಅರ್ಜಿ ಅಂಗೀಕಾರವಾದರೂ ಹಣ ಬರದಿದ್ದರೆ ‘ದೇವರು ವರ ಕೊಟ್ಟರೂ ಪೂಜಾರಿ ಕೊಡ’ ಎಂದು ಗೊಣಗುವುದು ಅಶಾಸ್ತ್ರೀಯ. ಹಣ ಬಂದಿರುತ್ತದೆ, ಎಲ್ಲಿಗೆ ಎಂಬುದು ಪ್ರಶ್ನೆ. ಯುವನಿಧಿ ಹಣ ಆಧಾರ್ ಸಂಖ್ಯೆಯನ್ನು ಹಿಡಿದು, ಕೊನೆಯದಾಗಿ ಯಾವ ಖಾತೆಗೆ ಅದನ್ನು ಜೋಡಿಸಿದೆಯೋ ಅಲ್ಲಿಗೆ ಸೇರುತ್ತದೆ. ನಮ್ಮವನದು ಸಿಮ್ ಕೊಳ್ಳುವಾಗ ಯಾರೋ ಬೆರಳೊತ್ತಿಸಿಕೊಂಡು ತೆರೆದಿದ್ದ, ಅವನಿಗೇ ನೆನಪಿಲ್ಲದ ಪೂರ್ವಜನ್ಮದ ಖಾತೆಗೆ ಹೋಗಿ ಕೂತಿತ್ತು. ಬ್ಯಾಂಕಿನ ಕೌಂಟರಿನಲ್ಲಿ “ಆಧಾರ್ ಲಿಂಕ್ ಆಗೇತಲ್ರೀ” ಎಂದು ಎರಡು ಸಲ ತಿರುಗಿ ಕಳಿಸಿದರು. ಲಿಂಕ್ ಬೇರೆ, ಹಣ ಯಾವ ಖಾತೆಗೆಂದು ಗುರುತು ಹಾಕುವ ಎನ್‌ಪಿಸಿಐ ಮ್ಯಾಪಿಂಗ್ ಬೇರೆ. ಈ ದ್ವೈತವನ್ನು ಅರಿಯದವನಿಗೆ ಮೋಕ್ಷವಿಲ್ಲ. ಒಪ್ಪಿಗೆ ಪತ್ರದಲ್ಲಿ ಮ್ಯಾಪಿಂಗ್ ಎಂಬ ಶಬ್ದವನ್ನೇ ಬರೆದು, ಸೀಲು ಹಾಕಿದ ಪ್ರತಿ ಇಸಿದುಕೊಂಡ ಮೇಲೆ ಹಣ ದಾರಿಗೆ ಬಂತು. ಪದವಿ ಪ್ರಮಾಣಪತ್ರ ಕಾಣುತ್ತಿಲ್ಲವೆಂದರೂ ಸೇವಾ ಕೇಂದ್ರದವನ ಮೇಲೆ ರೇಗಿ ಫಲವಿಲ್ಲ. ರಾಷ್ಟ್ರೀಯ ಶೈಕ್ಷಣಿಕ ಠೇವಣಿಗೆ ಅದನ್ನು ಏರಿಸಬೇಕಾದದ್ದು ವಿಶ್ವವಿದ್ಯಾಲಯ. ಹೋಗಬೇಕಾದದ್ದು ಪರೀಕ್ಷಾ ವಿಭಾಗದ ಬಾಗಿಲಿಗೆ.

5. ಉಪಸಂಹಾರ

ಕಂತು ತಪ್ಪದೆ ಬಂದರೆ 24 ತಿಂಗಳಿಗೆ 72,000 ರೂಪಾಯಿ. ಅಲ್ಲಿಗೆ ಘೋಷಣೆಯೂ ಮುಗಿಯಿತು. ಇದರಿಂದ ಸಿದ್ಧವಾಗುವ ಸಿದ್ಧಾಂತ: ನಿರುದ್ಯೋಗಕ್ಕೆ ಆದಿಯುಂಟು, ಅಂತ್ಯವುಂಟು, ನಡುವೆ ಕೆಲಸ ಸಿಗಲೇಬೇಕೆಂಬ ನಿಯಮವಿಲ್ಲ.

ಮೊನ್ನೆ ನಾನೂ ಗವಿಸಿದ್ದಪ್ಪನೂ ಗವಿಮಠದ ಗುಡ್ಡ ಹತ್ತಿದ್ದೆವು. ಎರಡೂವರೆ ವರ್ಷದ ಆ ಶಾಸನದ ಅರ್ಥವನ್ನು ನಾನು ಮೇಷ್ಟರ ಚಾಳಿಯಂತೆ ಬಿಡಿಸಿ ಹೇಳುತ್ತಿದ್ದೆ. ಅವನು ಮೊಬೈಲ್ ತೆಗೆದು ನೋಡಿ, ಮತ್ತೆ ಜೇಬಿಗಿಟ್ಟ. ಯಾರ ಫೋನು ಎಂದೆ.

“ಯಾರದೂ ಇಲ್ಲ ಮಾಮಾ. ಇವತ್ತು ಇಪ್ಪತ್ತೈದು. ಕೆಲಸ ಸಿಗ್ತೇನು ಅಂತ ತಿಂಗಳಾ ಕೇಳೋರಾದ್ರೂ ಇದ್ರು.”