ಗಾಜಿಲ್ಲದ ಕನ್ನಡಕ

ಕನ್ನಡಕ ಹಾಕಿಕೊಂಡವನಿಗೆ ಸಿನಿಮಾದಲ್ಲಿ ಎರಡೇ ಪಾತ್ರ ಮೀಸಲು: ಮೇಷ್ಟ್ರು, ಇಲ್ಲವೇ ಪೆದ್ದ. ನಾಯಕನಾಗಬೇಕಾದರೆ ಅದನ್ನು ತೆಗೆದಿಡಬೇಕು. ಶಾಲೆಯಲ್ಲಿ ‘ಸೋಡಾಬುಡ್ಡಿ’ ಅನ್ನಿಸಿಕೊಂಡು ಬೆಳೆದ ನನಗೆ ಈ ವಿಷಯದಲ್ಲಿ ಹಳೆಯ ಸಿಟ್ಟಿದೆ. ಹಾಗಾಗಿ ಕನ್ನಡಕ ಹಾಕಿಯೇ ನಾಯಕನಾದ ಹಾಸ್ಯನಟ ಹೆರಾಲ್ಡ್ ಲಾಯ್ಡ್ ಎಂದರೆ ಒಂದಿಷ್ಟು ಪಕ್ಷಪಾತ. ಚಾಪ್ಲಿನ್ ಅಭಿಮಾನಿಗಳು ಕ್ಷಮಿಸಬೇಕು.

ಅಮೆರಿಕದ ನೆಬ್ರಾಸ್ಕಾದಲ್ಲಿ 1893ರಲ್ಲಿ ಹುಟ್ಟಿದ ಲಾಯ್ಡ್, ಮೂಕಿ ಚಿತ್ರಗಳಿಗೆ ಬಂದ ಹೊಸತರಲ್ಲಿ ಮಾಡಿದ್ದು ಚಾಪ್ಲಿನ್ನನ ನಕಲನ್ನೇ. ಅವನದು ದೊಗಳೆ ಪ್ಯಾಂಟಾದರೆ ಇವನ ‘ಲೋನ್ಸಮ್ ಲೂಕ್’ ಪಾತ್ರಕ್ಕೆ ಬಿಗಿ ಪ್ಯಾಂಟು, ಮೀಸೆಯ ಜಾಗದಲ್ಲಿ ಎರಡು ಚುಕ್ಕೆ. ಜನ ನಕ್ಕರು. ಆದರೂ ಅದು ಬೇರೆಯವರ ಅಂಗಡಿಯ ಸರಕೆಂದು ಇವನಿಗೇ ಗೊತ್ತಿತ್ತು. 1917ರಲ್ಲಿ ಚುಕ್ಕೆ ಅಳಿಸಿ ದುಂಡು ಕನ್ನಡಕ ಏರಿಸಿದ. ದೀಪದ ಬೆಳಕು ಮಿನುಗಬಾರದೆಂದು ಗಾಜಿಲ್ಲದ ಬರೀ ಫ್ರೇಮು! ಜೊತೆಗೊಂದು ಸಾಧಾರಣ ಸೂಟು, ಹುಲ್ಲಿನ ಟೋಪಿ. ಸಂಬಳ ಏರಲಿ, ಹುಡುಗಿ ಒಪ್ಪಲಿ ಎಂದು ಹಂಬಲಿಸುವ ಪಕ್ಕದ ಮನೆಯ ಗುಮಾಸ್ತ ತಯಾರಾದ. ಕನ್ನಡಕ ತೆಗೆದು ಬೀದಿಗಿಳಿದರೆ ಯಾರೂ ಗುರುತಿಸುತ್ತಿರಲಿಲ್ಲ. ನಟರಲ್ಲಿ ಎಷ್ಟು ಜನಕ್ಕೆ ಈ ಪುಣ್ಯ?

1919ರಲ್ಲಿ ಫೋಟೊಗೆ ನಿಂತಿದ್ದಾಗ ಕೈಯಲ್ಲಿದ್ದ ಹುಸಿ ಬಾಂಬು ನಿಜವಾಗಿಯೇ ಸಿಡಿಯಿತು. ಬಲಗೈಯ ಹೆಬ್ಬೆರಳು, ತೋರುಬೆರಳು ಹೋದವು. ಮುಂದೆ ಕೃತಕ ಬೆರಳುಗಳ ಕೈಗವಸು ತೊಟ್ಟೇ ನಟಿಸಿದ. 1923ರ ‘ಸೇಫ್ಟಿ ಲಾಸ್ಟ್’ನಲ್ಲಿ ಗಡಿಯಾರದ ಮುಳ್ಳಿಗೆ ಜೋತುಬಿದ್ದದ್ದೂ ಅದೇ ಕೈಯಲ್ಲಿ.

ಆ ದೃಶ್ಯದ ಹಿಂದಿನ ತಾಪತ್ರಯವೇ ಸೊಗಸು. ಕತೆಯಲ್ಲಿ ಕಟ್ಟಡದ ಗೋಡೆ ಹತ್ತಬೇಕಾದವನು ಇವನ ಗೆಳೆಯ; ಅವನ ಬೆನ್ನಿಗೆ ಪೊಲೀಸು ಬಿದ್ದದ್ದರಿಂದ ಇವನೇ ಹತ್ತಬೇಕಾಗುತ್ತದೆ. ‘ಮುಂದಿನ ಮಹಡಿಯಿಂದ ನಾನು ಹತ್ತುತ್ತೇನೆ’ ಎಂದು ಪ್ರತಿ ಮಹಡಿಯಲ್ಲೂ ಗೆಳೆಯನದು ಅದೇ ಭರವಸೆ. ಆಫೀಸಿನಲ್ಲಿ ದುಡಿದವರಿಗೆ ಈ ಮಾತು ಹೊಸದಲ್ಲ. ಪಾರಿವಾಳ ಮುತ್ತುತ್ತವೆ, ಬಲೆ ಸುತ್ತಿಕೊಳ್ಳುತ್ತದೆ, ಪ್ಯಾಂಟಿನೊಳಗೆ ಇಲಿ ನುಗ್ಗುತ್ತದೆ. ಅವನು ಇಲಿಗೆ ಕುಣಿದರೆ ಕೆಳಗಿನ ಜನಕ್ಕೆ ಸಾಹಸದಂತೆ ಕಾಣುತ್ತದೆ. ದೂರದ ಕೆಲವು ಶಾಟ್‌ಗಳಲ್ಲಿ ಹತ್ತಿದವನು ಬೇರೆಯವನು. ಹತ್ತಿರದವಕ್ಕೆ ಕಟ್ಟಡದ ಮಾಳಿಗೆ ಮೇಲೆ ಗೋಡೆಯ ಸೆಟ್ ಕಟ್ಟಿ, ಕೆಳಗೆ ಹಾಸಿಗೆ ಹಾಕಿದ್ದರು. ಪರೀಕ್ಷೆಗೆಂದು ಒಂದು ಗೊಂಬೆ ಬೀಳಿಸಿದರೆ ಅದು ಹಾಸಿಗೆಯಿಂದ ಪುಟಿದು ನೇರ ಬೀದಿಗೆ ಹೋಯಿತಂತೆ. ಆಮೇಲೂ ಲಾಯ್ಡ್ ಹತ್ತಿದನಲ್ಲ!

ಟಾಕಿ ಬಂದ ಮೇಲೆ ಮಾತಾಡಿದ, ಗೆದ್ದ, ಮೆಲ್ಲಗೆ ಸರಿದ. ಚಿತ್ರಗಳ ಹಕ್ಕು ಮಾತ್ರ ಕೈಯಲ್ಲೇ ಇತ್ತು. ಟಿವಿಯವರು ಕೇಳಿದರೆ ಭಾರಿ ಬೆಲೆ ಹೇಳಿದ. ಹೀಗೆ ಇವನ ಚಿತ್ರಗಳು ಮರೆಯಲ್ಲಿದ್ದಾಗ ಅದೇ ಕಾಲದ ಹಾಸ್ಯನಟರಾದ ಚಾಪ್ಲಿನ್, ಕೀಟನ್ ಹೆಸರುಗಳು ಮನೆಮಾತಾದವು. ಇವನದು ಗಡಿಯಾರದ ಚಿತ್ರವೊಂದು ಉಳಿಯಿತು. ದುಡ್ಡಿಗೇನೂ ಬರವಿರಲಿಲ್ಲ, ಬೆವರ್ಲಿ ಹಿಲ್ಸ್‌ನಲ್ಲಿ ಅರಮನೆಯಂಥ ಮನೆ. ಅಲ್ಲಿನ ಕ್ರಿಸ್‌ಮಸ್ ಮರಕ್ಕೆ ಎಷ್ಟು ಅಲಂಕಾರದ ಗುಂಡುಗಳನ್ನು ಕಟ್ಟುತ್ತಿದ್ದನೆಂದರೆ, ಬಿಚ್ಚುವ ಗೋಜೇ ಬೇಡವೆಂದು ಮರವನ್ನು ವರ್ಷವಿಡೀ ನಿಲ್ಲಿಸಿಬಿಟ್ಟಿದ್ದ.